ಸೋತಲ್ಲಿ ನಿಲ್ಲಿಸಬಾರದು

ಶೂ ಹಾಕಿಕೊಂಡ ಮೇಲೆ ಭಾಗೀರಥಮ್ಮನಿಗೆ ನೆನಪಾಯಿತು. "ಹರ್ಷಿತಾ, ನಿನ್ನೆ ಕತೆ ಎಲ್ಲಿಗೆ ನಿಲ್ಸಿದ್ವಿ?"

"ಎಲೆಕ್ಷನ್ ಸೋತ್ನಲ್ಲ ಅಜ್ಜಿ, ಅಲ್ಲಿಗೆ."

ಅಜ್ಜಿ ಮೆಟ್ಟಿಲ ಮೇಲೆ ಕೂತುಬಿಟ್ಟರು. "ಹಾಗಾದ್ರೆ ನಾನು ಬರಲ್ಲ."

ಹತ್ತೂವರೆಗೆ ನಾಟಿಂಗ್‌ಹ್ಯಾಮ್ ಆಸ್ಪತ್ರೆಯಲ್ಲಿ ಅವರ ಬಲಗಣ್ಣಿನ ಪೊರೆ ತೆಗೆಯಬೇಕಿತ್ತು. ಎಡಗಣ್ಣು ಎಂದೋ ಹೋಗಿತ್ತು. ಇವತ್ತು ತಪ್ಪಿದರೆ ಮತ್ತೆ ಆರು ತಿಂಗಳು ಕಾಯಬೇಕು. ಬೇಸರ ಕಳೆಯಲೆಂದು ಮೊಮ್ಮಗಳು ಚರ್ಚಿನ ಹಳೇ ಸಾಮಾನಿನ ಅಂಗಡಿಯಿಂದ ಒಂದು ಜೀವನಚರಿತ್ರೆ ತಂದು, ಕನ್ನಡ ಮಾಡಿ ಓದಿ ಹೇಳುತ್ತಿದ್ದಳು. ನೂರೈವತ್ತು ವರ್ಷದ ಹಿಂದಿನ, ಅಮೆರಿಕದ ಒಹಾಯೊದ ವಕೀಲ ಹೊರೇಸ್ ಟ್ವಿಚೆಲ್. ತಪ್ಪಿಸಿಕೊಂಡು ಬಂದ ಗುಲಾಮರ ಪರ ವಾದಿಸಿ ಕೋರ್ಟಿನಲ್ಲಿ ಗೆಲ್ಲುತ್ತಿದ್ದ. ಅದೇ ಕಾರಣಕ್ಕೆ ಚುನಾವಣೆಯಲ್ಲಿ ಸೋಲುತ್ತಿದ್ದ.

ಭಾಗೀರಥಮ್ಮ ನಂಜನಗೂಡಿನಲ್ಲಿ ತಂದೆಯ ಗಮಕ ವಾಚನ ಕೇಳಿ ಬೆಳೆದವರು. ಅರಸ ಕಾಡಿಗೆ ಹೊರಟಲ್ಲಿ ಅಪ್ಪ ಪುಸ್ತಕ ಕಟ್ಟುತ್ತಿರಲಿಲ್ಲ. ಎಷ್ಟು ಹೊತ್ತಾದರೂ ಒಂದು ಶುಭದ ಪದ್ಯ ಬರಬೇಕು; ಮಂಗಳ ಹಾಡುವುದು ಆಮೇಲೆ.

"ಟ್ರಾಮಲ್ಲಿ ಮುಂದೆ ಓದ್ತೀನಿ, ಏಳಿ ಅಜ್ಜಿ, ಪ್ಲೀಸ್."

ಟ್ರಾಮಿನಲ್ಲಿ ಓದುವಾಗ ಟ್ವಿಚೆಲ್ ಮತ್ತೆ ಚುನಾವಣೆಗೆ ನಿಂತ.

"ಗೆದ್ನಾ?"

"ನಲವತ್ತು ವೋಟಲ್ಲಿ ಹೋಯ್ತು."

"ಅಯ್ಯೋ ಇವನ! ಮುಂದೆ?"

"ಈಗ ಗವರ್ನರ್‌ಗೆ ನಿಂತಿದಾನೆ."

"ಬುದ್ಧಿ ಹೇಳೋಕೆ ಹೆಂಡ್ತಿ ಇಲ್ವೇನೇ?"

"ಇದಾರೆ. ಭಾಷಣ ಬರ್ಕೊಡೋದೇ ಅವ್ರು."

ಅಜ್ಜಿ ನಕ್ಕರು. ಗವರ್ನರ್ ಪದವಿಯೂ ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಕಾಯುವಾಗ, ಗೆದ್ದ ಎಂದು ಓದಿಬಿಡಲೇ ಅಂತ ಹರ್ಷಿತಾಳಿಗೆ ಅನ್ನಿಸಿತು. ಆದರೆ ಸುಳ್ಳು ಓದಿದರೆ ಅಜ್ಜಿಗೆ ದನಿಯಲ್ಲೇ ತಿಳಿಯುತ್ತದೆ. ಅವಳು ಬೇಗ ಬೇಗ ಓದಿದಳು. ನರ್ಸ್ ಬಂದು ಹೆಸರು ಕರೆದಳು. ಅಜ್ಜಿ ಕೈಯೆತ್ತಿ, "ಒನ್ ಮಿನಿಟ್" ಎಂದರು.

"ಟ್ವಿಚೆಲ್‌ಗೆ ಅರವತ್ತಾಗಿತ್ತು," ಹರ್ಷಿತಾ ಓದಿದಳು. "ಕೊನೇ ಸಲ ನಿಂತಿದ್ದ. ಮತದಾನದ ದಿನ ಒಬ್ಬ ಬಡಗಿ ಬೀದೀಲಿ ಅವನನ್ನ ತಡೆದ. ಹಿಂದೆ ಟ್ವಿಚೆಲ್ ಕೋರ್ಟಲ್ಲಿ ಬಿಡಿಸಿದ್ದ ಗುಲಾಮ ಹೆಂಗಸಿನ ಮಗ. ನಮ್ಮೋರಿಗೆ ಈಗ ವೋಟಿದೆ ಸ್ವಾಮಿ, ಜೀವಮಾನದ ಮೊದಲ್ನೇ ವೋಟು ನಿಮಗೇ ಹಾಕ್ಬಂದೆ, ಅಂದ."

"ನಿಲ್ಸು. ಅಲ್ಲೇ ನಿಲ್ಸು."

ಭಾಗೀರಥಮ್ಮ ಕಣ್ಣು ಮುಚ್ಚಿ ಮಂಗಳದ ಒಂದು ಸಾಲನ್ನು ಮೆಲ್ಲಗೆ ಹಾಡಿ, ನರ್ಸಿನ ತೋಳು ಹಿಡಿದು ಎದ್ದರು. ಬಾಗಿಲ ಹತ್ತಿರ ತಿರುಗಿದರು.

"ಏಯ್, ನಾನು ಬರೋವರ್ಗೂ ಅವನನ್ನ ಗೆಲ್ಲಿಸ್ಲೂ ಬೇಡ, ಸೋಲಿಸ್ಲೂ ಬೇಡ!"

ಹರ್ಷಿತಾಳ ಬೆರಳು ಆಗಲೇ ಹಾಳೆಯ ತುದಿಯಲ್ಲಿತ್ತು. ಅವಳು ಪುಸ್ತಕವನ್ನು ಅಜ್ಜಿಯ ಚೀಲದೊಳಗೆ ಹಾಕಿ ಜಿಪ್ ಎಳೆದಳು.