ಸಾಸಿವೆ ಗಾತ್ರದ ಚುಕ್ಕೆ

ಮಾತು ಆಡಿದ್ದು ಅವಳೇ. ಯಾರೂ ಬಾಯಿಗೆ ಕೋಲು ಹಾಕಿ ಆಡಿಸಿರಲಿಲ್ಲ.

"ಒಳಗೆ ಬಂದಿರೋ ಡಬ್ಬಗಳ ಕಂಪ್ಯೂಟರ್ ಸಾಮಾನನ್ನೆಲ್ಲ ನಾನೇ ಜೋಡಿಸ್ತೀನಿ, ಈ ಕೈಯಲ್ಲೇ. ಭಾನುವಾರ ನಾಲ್ಕು ಗಂಟೆಗೆ ನಿನ್ನ ಕಣ್ಣೆದುರಿಗೇ ಹತ್ತು ಸುತ್ತಿನ ರೇಸ್ ಆಡ್ತೀನಿ. ಒಂದೇ ಒಂದು ಸಲ ಅದು ತಡವರಿಸಿದ್ರೂ ಬೆಂಚು ನಿಂದು. ತಡವರಿಸದೆ ಓಡಿದ್ರೆ, ನಾನಾಗಿ ನಾನು ಏಳೋ ತನಕ ನನ್ನನ್ನ ಅಲ್ಲಿಂದ ಯಾರೂ ಎಬ್ಬಿಸಬಾರದು. ಒಪ್ಪಿಗೇನಾ?"

ತಮ್ಮ ಒಪ್ಪಿದ. ಇಷ್ಟು ಸಲೀಸಾಗಿ ಒಪ್ಪಿದನಲ್ಲ ಎಂದು ಅವಳಿಗೆ ಇನ್ನಷ್ಟು ಉರಿಯಿತು.

ಅವಳಿಗೆ ಐವತ್ತೆಂಟು ವರ್ಷ. ಬೀದಿಯವರೆಲ್ಲ ಕರೆಯುವುದು ಗಡಿಯಾರದಕ್ಕ ಎಂದು. ಅಪ್ಪ ಬಿಟ್ಟುಹೋದ ಗಡಿಯಾರದ ಅಂಗಡಿಯಲ್ಲಿ ಕಿಟಕಿ ಪಕ್ಕದ ಬೆಂಚು ಅವಳದು, ಬಾಗಿಲ ಪಕ್ಕದ ಕೌಂಟರು ತಮ್ಮನದು. ಅವಳು ರಿಪೇರಿ, ಅವನು ವ್ಯಾಪಾರ. ನಲವತ್ತು ವರ್ಷ ಹೀಗೇ ನಡೆದಿತ್ತು. ಅಂಗಡಿಯ ಹಿಂದಿನ ಎರಡು ಕೋಣೆಯಲ್ಲಿ ಅವಳ ಸಂಸಾರ, ಅಂದರೆ ಅವಳೊಬ್ಬಳೇ. ಅವಳಿಗೆ ಅದರಿಂದೇನೂ ಕೊರತೆಯಾಗಿರಲಿಲ್ಲ.

ಜಗಳ ಹುಟ್ಟಿದ್ದು ಅವಳ ಬಲಗೈಯಿಂದ. ಆರು ತಿಂಗಳಿಂದ ಆ ಕೈ ಸುಮ್ಮನೆ ಬಿದ್ದಿರುವಾಗ ತನ್ನಷ್ಟಕ್ಕೆ ತಾನೇ ನಡುಗುತ್ತಿತ್ತು. ಚಿಮುಟ ಹಿಡಿದರೆ ಸಾಕು, ನಿಂತುಬಿಡುತ್ತಿತ್ತು. ನಿಲ್ಲುತ್ತದೆ ಎನ್ನುವುದು ಅವಳೊಬ್ಬಳಿಗೇ ಗೊತ್ತು. ನಡುಗುತ್ತದೆ ಎನ್ನುವುದು ಯಾರಿಗೂ ಗೊತ್ತಾಗದಿರಲಿ ಎಂದು ಅವಳು ಆ ಕೈಯನ್ನು ಕೆಲಸದ ಅಂಗಿಯ ಜೇಬಿನಲ್ಲಿಟ್ಟುಕೊಂಡೇ ಓಡಾಡುತ್ತಿದ್ದಳು. ಒಂದು ದಿನ ತಮ್ಮನ ಕಣ್ಣಿಗೆ ಬಿತ್ತು. ನೋಡಿಯೂ ನೋಡದ ಹಾಗೆ ಇರುವ ಜಾಯಮಾನ ಅವನದಲ್ಲ.

"ಸಾಕು ಬಿಡಕ್ಕ, ಎಷ್ಟೂಂತ ದುಡೀತೀಯ? ಯಾರದಾದ್ರೂ ಒಳ್ಳೆ ಗಡಿಯಾರ ಕೈತಪ್ಪಿ ಹಾಳಾದ್ರೆ ಅಪ್ಪನ ಹೆಸರು ಹೋಗುತ್ತೆ. ನೀನು ಆರಾಮಾಗಿರು. ಆ ಜಾಗದಲ್ಲಿ ಮೊಬೈಲ್ ಕವರಿನ ಸ್ಟ್ಯಾಂಡ್ ಹಾಕ್ತೀನಿ" ಎಂದ. ಎಂದವನು ಜೇಬಿನಿಂದ ಅಳತೆ ಟೇಪು ತೆಗೆದು, ಅವಳು ಕೂತಿರುವಾಗಲೇ ಬೆಂಚಿನ ಉದ್ದ ಅಳೆದ. ಅವಳಿಗೆ ಮೈಯೆಲ್ಲ ಬೆಂಕಿಯಾಯಿತು. ಅದೇ ದಿನ ಬೆಳಗ್ಗೆ ಕಂಪ್ಯೂಟರಿನ ಬಿಡಿಭಾಗಗಳ ಏಳು ಡಬ್ಬ ಬಂದು ಕೋಣೆಯಲ್ಲಿ ಕೂತಿದ್ದವು. ಆ ಡಬ್ಬಗಳ ಮೇಲೆ ಆಣೆ ಇಟ್ಟ ಹಾಗೆ ಆ ಮಾತು ಅವಳ ಬಾಯಿಂದ ಹೊರಟಿತು.

ಡಬ್ಬ ತರಿಸಿದ್ದು ನಾದಿನಿಯ ದೆಸೆಯಿಂದ. ನಾದಿನಿ ಬೇರೆ ಊರಿನಲ್ಲಿರುವ, ಕೆಲಸದಿಂದ ನಿವೃತ್ತಳಾದ ಟೈಪಿಂಗ್ ಟೀಚರು. ಗಡಿಯಾರದಕ್ಕನ ಗಂಡ ತೀರಿಕೊಂಡ ಮೇಲೂ ಅವನ ಕಡೆಯಿಂದ ಕಳಚಿಕೊಳ್ಳದೆ ಉಳಿದ ಒಂದೇ ನಂಟು. ಪ್ರತಿ ಭಾನುವಾರ ಇಬ್ಬರೂ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಕಂಪ್ಯೂಟರಿನಲ್ಲಿ ಕಾರು ರೇಸು ಬಿಡುತ್ತ, ಮನಸಾರೆ ಬೈದಾಡುತ್ತ ಕೂರುವುದು ನಾಲ್ಕು ವರ್ಷದ ರೂಢಿ. ಹಳೆಯ ಲ್ಯಾಪ್‌ಟಾಪು ಕೈಕೊಟ್ಟಾಗ ಸಿದ್ಧ ಕಂಪ್ಯೂಟರು ತರುವ ಯೋಚನೆಯೇ ಗಡಿಯಾರದಕ್ಕನಿಗೆ ಬರಲಿಲ್ಲ. ಬೇರೆಯವರು ಮುಚ್ಚಿದ ಮುಚ್ಚಳವನ್ನು ಅವಳು ಯಾವತ್ತೂ ನಂಬಿದವಳಲ್ಲ.

ಜೋಡಿಸುವುದಕ್ಕೆ ಎರಡು ದಿನ ಹಿಡಿಯಿತು. ಜೊತೆಗೆ ಬಂದ ಪುಸ್ತಕವನ್ನು ಮೂರು ಸಲ ಓದಿದಳು. ಗುಂಡಿ ಒತ್ತಿದರೆ ಮೊದಲನೇ ಏಟಿಗೇ ದೀಪ ಹತ್ತಿ, ಫ್ಯಾನುಗಳು ತಿರುಗಿ, ಪರದೆ ಬೆಳಗಿತು. ಅವಳು ಚಪ್ಪಾಳೆ ತಟ್ಟಿ, ಕೋಣೆಯಲ್ಲಿ ಒಬ್ಬಳೇ ಒಂದು ಸುತ್ತು ಕುಣಿದಳು.

ಆ ಖುಷಿ ಬಾಳಿದ್ದು ಮೂರೇ ನಿಮಿಷ. ಮೊದಲ ಸುತ್ತು ನೀರಿನ ಹಾಗೆ ಹರಿಯಿತು. ಎರಡನೇ ಸುತ್ತಿನ ಕೊನೆಗೆ ಕಾರು ತಿರುವಿನಲ್ಲಿ ಗಕ್ಕನೆ ನಿಂತು, ಕುಪ್ಪಳಿಸಿ, ಮತ್ತೆ ನಿಂತು, ಹೋಗಿ ಗೋಡೆಗೆ ಬಡಿಯಿತು.

"ಏನೇ ಅದು, ನಿನ್ನ ರಸ್ತೇಲಿ ಎಮ್ಮೆ ಮಲಗಿದೆಯಾ?" ಎಂದಳು ಹೆಡ್‌ಫೋನಿನಲ್ಲಿ ನಾದಿನಿ.

"ಬಾಯ್ಮುಚ್ಚಿಕೊಂಡು ಓಡಿಸು" ಎಂದಳು ಗಡಿಯಾರದಕ್ಕ. ಭಾನುವಾರಕ್ಕೆ ನಾಲ್ಕೇ ದಿನ ಉಳಿದಿತ್ತು.

ನಾದಿನಿ ಹೇಳಿಕೊಟ್ಟ ಮದ್ದನ್ನೆಲ್ಲ ಮಾಡಿದ್ದಾಯಿತು. ಪರದೆಯ ವೈರು ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಿದೆಯಾ ನೋಡು ಎಂದಳು, ಅಲ್ಲಿಗೇ ಸಿಕ್ಕಿಸಿತ್ತು. ಕಾರ್ಡಿನ ಹೊಸ ಡ್ರೈವರ್ ಪ್ರೋಗ್ರಾಮು ಹಾಕು ಎಂದಳು, ಹಾಕಿದಳು. ಆಟದ ಚಿತ್ರದ ಗುಣಮಟ್ಟ ಇಳಿಸು ಎಂದಳು. ಇಳಿಸಿದರೆ ಮರಗಳೆಲ್ಲ ಹಸಿರು ಬಣ್ಣ ಬಳಿದ ರಟ್ಟಿನ ಹಾಗೆ ಕಂಡವೇ ಹೊರತು ಎಮ್ಮೆ ಎದ್ದು ಹೋಗಲಿಲ್ಲ.

ಗುರುವಾರ ಅವಳು ಕೇಳದಿದ್ದರೂ ತಮ್ಮ ಒಬ್ಬ ಕಂಪ್ಯೂಟರ್ ಮೆಕ್ಯಾನಿಕ್ಕನ್ನು ಕರೆತಂದ. ಉಪಕಾರ ಮಾಡುವ ಮುಖ ಹೊತ್ತುಕೊಂಡೇ ಕರೆತಂದ. ಮೆಕ್ಯಾನಿಕ್ಕು ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯಲಿಲ್ಲ. ಎರಡು ನಿಮಿಷ ಪರದೆ ನೋಡಿ, "ಕಾರ್ಡಿಗೆ ಶಕ್ತಿ ಸಾಲದು, ಅಮ್ಮಾ. ದೊಡ್ಡದು ಹಾಕ್ಸಿ. ಇಲ್ಲಾಂದ್ರೆ ನಮ್ಮಲ್ಲೇ ಕೊಡಿ, ಹೊಸದಾಗಿ ಜೋಡಿಸಿಕೊಡ್ತೀವಿ. ಮನೇಲಿ ಜೋಡಿಸಿದ್ದು ಹೀಗೇ ಆಗೋದು" ಎಂದ.

"ಶಕ್ತಿ ಸಾಲದಿದ್ರೆ ಮೊದಲನೇ ಸುತ್ತಿಂದಲೇ ಸಾಲಬಾರದು. ಎರಡು ಸುತ್ತು ಕುದುರೆ ಹಾಗೆ ಓಡಿ ಆಮೇಲೆ ಯಾಕೆ ಕುಂಟುತ್ತೆ?"

ಮೆಕ್ಯಾನಿಕ್ಕು ತಲೆ ಕೆರೆದುಕೊಂಡ. "ಅದು ಹಾಗೇ ಇರುತ್ತೆ" ಎಂದ.

"ಯಾವುದೂ ಹಾಗೇ ಇರಲ್ಲಪ್ಪ. ಹೋಗಿ ಬಾ" ಎಂದು ಬಾಗಿಲು ತೋರಿಸಿದಳು.

ತಮ್ಮ ಹಿಂದೆಯೇ ಉಳಿದ. ಮೆತ್ತಗಿನ ದನಿಯಲ್ಲಿ, "ಅಕ್ಕ, ಕೋಪ ಮಾಡ್ಕೋಬೇಡ. ಜೋಡಿಸುವಾಗ ಕೈ ನಡುಗಿ ಏನೋ ಎಡವಟ್ಟಾಗಿದೆ. ಒಪ್ಪಿಕೊಂಡ್ರೆ ನಿನ್ನ ಗಂಟೇನೂ ಹೋಗಲ್ಲ" ಎಂದ.

ಅವಳು ಜೇಬಿನೊಳಗಿನ ಕೈಯನ್ನು ಮುಷ್ಟಿ ಹಿಡಿದಳು. ನಿಜ ಹೇಳಬೇಕೆಂದರೆ ಅವಳಿಗೂ ಆ ಅನುಮಾನ ಬಂದಿತ್ತು, ಆ ದಿನವೆಲ್ಲ ಅನ್ನ ನೀರು ರುಚಿಸಲಿಲ್ಲ. ಕೈ ಹೋಯಿತೆಂದರೆ ತಾನು ಯಾರು? ಬೆಂಚಿಲ್ಲದೆ ಅವಳಿಗೆ ತನ್ನನ್ನೇ ನೆನೆಸಿಕೊಳ್ಳಲು ಆಗುತ್ತಿರಲಿಲ್ಲ.

ಶುಕ್ರವಾರ ಬೆಳಗ್ಗೆ ಎದ್ದವಳೇ ಕೊರಗಿದ್ದು ಸಾಕೆಂದುಕೊಂಡು, ಬೆಂಚಿನ ಮೇಲಿದ್ದ ನೋಟ್‌ಬುಕ್ಕು ತಂದಳು. ಗಡಿಯಾರ ಹಿಂದೆ ಬೀಳುತ್ತದೆ ಎಂದು ಯಾರಾದರೂ ತಂದರೆ ಅವಳು ತಕ್ಷಣ ಬಿಚ್ಚುವವಳಲ್ಲ. ಮೂರು ದಿನ ಇಟ್ಟುಕೊಂಡು, ಯಾವಾಗ ಎಷ್ಟು ಹಿಂದೆ ಬಿತ್ತೆಂದು ಬರೆಯುತ್ತಾಳೆ. ಅದೇ ಕೆಲಸವನ್ನು ಕಂಪ್ಯೂಟರಿಗೂ ಮಾಡಿದಳು. ಬೆಳಗ್ಗೆ ಆಡಿದಾಗ ಮೂರನೇ ನಿಮಿಷಕ್ಕೆ ತಡವರಿಸಿತು. ಕೂಡಲೇ ಮತ್ತೆ ಆಡಿದಾಗ ಶುರುವಿನಿಂದಲೇ ತಡವರಿಸಿತು. ಊಟ ಮಾಡಿ, ಪಾತ್ರೆ ತೊಳೆದು ಬಂದು ಆಡಿದರೆ ಮತ್ತೆ ಮೂರನೇ ನಿಮಿಷ.

ಬರೆದದ್ದನ್ನು ನೋಡುತ್ತ ಅವಳ ಹುಬ್ಬು ಮೇಲೇರಿತು. ಬಿಸಿಲಿಗೆ ಕೂತ ಗಡಿಯಾರದ ಲಕ್ಷಣ ಇದು. ಕಾಯುತ್ತದೆ, ದಾರಿ ತಪ್ಪುತ್ತದೆ, ಆರಿದರೆ ಸರಿಹೋಗುತ್ತದೆ.

ಶನಿವಾರ ನಾದಿನಿ ಬಿಸಿ ಅಳೆಯುವ ಪುಟ್ಟ ಪ್ರೋಗ್ರಾಮೊಂದನ್ನು ಹಾಕಿಸಿಕೊಟ್ಟಳು. ಆಟದ ಪಕ್ಕದಲ್ಲಿ ಅಂಕಿ ಏರತೊಡಗಿತು. ಎಪ್ಪತ್ತು, ಎಂಬತ್ತೈದು, ತೊಂಬತ್ತೆಂಟು ಡಿಗ್ರಿ. ಅಲ್ಲಿಗೆ ಯಂತ್ರದ ಮಿದುಳಾದ ಪ್ರೊಸೆಸರ್ ಚಿಪ್ಪು ತನ್ನ ಜೀವ ಉಳಿಸಿಕೊಳ್ಳಲು ವೇಗ ಕಡಿಮೆ ಮಾಡಿಕೊಂಡಿತು, ಕಾರು ತಡವರಿಸಿತು. ಗಡಿಯಾರದಕ್ಕ ಪೆಟ್ಟಿಗೆಯ ಪಕ್ಕದ ಬಾಗಿಲು ತೆಗೆದು, ಫ್ಯಾನಿಗೆ ಬೆರಳು ತಾಗದಂತೆ, ಚಿಪ್ಪಿನ ಮೇಲೆ ಕೂರಿಸಿದ್ದ ಲೋಹದ ಕೂಲರನ್ನು ಮುಟ್ಟಿ ನೋಡಿದಳು. ತಣ್ಣಗಿತ್ತು. ಕೆಳಗೆ ಚಿಪ್ಪು ಕುದಿಯುತ್ತಿದೆ, ಅದರ ಬಿಸಿ ಹೀರಬೇಕಾದ ಲೋಹ ಉಗುರುಬೆಚ್ಚಗೂ ಆಗಿಲ್ಲ.

"ಎರಡಕ್ಕೂ ಮಾತುಕತೆಯೇ ಇಲ್ಲ ಕಣೇ" ಎಂದಳು ನಾದಿನಿಗೆ. "ಅಕ್ಕಪಕ್ಕದಲ್ಲೇ ಕೂತು ಮುನಿಸಿಕೊಂಡಿವೆ."

"ನೀನೂ ನಿನ್ನ ತಮ್ಮನೂ ಇದ್ದ ಹಾಗೆ" ಎಂದಳು ನಾದಿನಿ. "ನಡುವೆ ಪೇಸ್ಟು ಹಚ್ಚಿದ್ದೀಯ ತಾನೆ?"

"ಹಚ್ಚದೆ ಏನು?" ಎಂದವಳು ಅಲ್ಲೇ ತಡೆದಳು. ಡಬ್ಬಗಳ ಜೊತೆ ಬಂದ ಪುಸ್ತಕದಲ್ಲಿ ಬರೆದದ್ದು ನೆನಪಾಯಿತು. ಚಿಪ್ಪಿನ ಬಿಸಿ ಕೂಲರಿಗೆ ದಾಟಿಸುವ ಆ ಬೂದು ಪೇಸ್ಟು ಬಟಾಣಿ ಕಾಳಿನಷ್ಟು ಹಾಕಬೇಕು ಎಂದಿತ್ತು. ಬಟಾಣಿ ಎಂದು ಓದಿದಾಗ ಅವಳಿಗೆ ನಗು ಬಂದಿತ್ತು. ಇವರು ಜನ್ಮದಲ್ಲಿ ಒಂದು ಗಡಿಯಾರಕ್ಕೆ ಎಣ್ಣೆ ಇಟ್ಟಿರಲಿಕ್ಕಿಲ್ಲ ಎಂದುಕೊಂಡು, ಪುಸ್ತಕವನ್ನೇ ತಿದ್ದಿದ್ದಳು. ತಿದ್ದಿದ್ದು ಎಷ್ಟಕ್ಕೆ ಎಂದು ನೆನೆದರೆ ಈಗ ಬೆವರು ಬಂತು.

ಭಾನುವಾರ ಅಂಗಡಿಗೆ ರಜೆ. ಮೂರು ಗಂಟೆಗೆ ಅವಳು ಯಂತ್ರವನ್ನು ಎತ್ತಿ ತಂದು ಬೆಂಚಿನ ಮೇಲೆಯೇ ಇಟ್ಟು, ಕೂಲರಿನ ನಾಲ್ಕು ತಿರುಪು ಬಿಚ್ಚಿದಳು. ಬೆರಳ ತುದಿಗೇ ಬಂದುಬಿಟ್ಟವು. ಗಡಿಯಾರದ ತಿರುಪಿಗೆ ಸಾಕಾಗುವಷ್ಟೇ ಬಿಗಿದಿದ್ದಳು, ಕೂಲರು ಚಿಪ್ಪನ್ನು ಸರಿಯಾಗಿ ಒತ್ತಿಯೇ ಇರಲಿಲ್ಲ. ಗಡಿಯಾರದ ತಿರುಪನ್ನು ಇನ್ನೊಂದು ಕೂದಲೆಳೆ ತಿರುಗಿಸಿದರೆ ತಲೆ ಮುರಿಯುತ್ತದೆ. ಕೂಲರು ಎತ್ತಿ ನೋಡಿದಳು, ನೋಡಿ ಜೋರಾಗಿ ನಕ್ಕುಬಿಟ್ಟಳು.

ಅಷ್ಟರಲ್ಲಿ ತಮ್ಮ ಒಳಗೆ ಬಂದ. ಮುಕ್ಕಾಲು ಗಂಟೆ ಮೊದಲೇ ಬಂದಿದ್ದ. ಜೇಬಿನಲ್ಲಿ ಟೇಪು ಉಬ್ಬಿಕೊಂಡಿತ್ತು.

"ಬಿಚ್ಚಿ ಹಾಕಿಬಿಟ್ಟೆಯಾ? ಹಾಗಾದ್ರೆ ಆಗಲಿಲ್ಲ ಅನ್ನು."

"ಬಾ ಇಲ್ಲಿ. ಈ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸ್ಕೋ. ಏನು ಕಾಣುತ್ತೆ ಹೇಳು."

ಅವನು ಬಗ್ಗಿದ. ಅಂಗೈ ಅರ್ಧದಷ್ಟು ಅಗಲದ ಬೆಳ್ಳಿ ಬಣ್ಣದ ಚಿಪ್ಪು. ಅದರ ನಟ್ಟನಡುವೆ, ಕಂಪಾಸು ಇಟ್ಟು ಬರೆದಂತೆ ದುಂಡಗೆ, ಸಾಸಿವೆ ಗಾತ್ರದ ಒಂದು ಬೂದು ಚುಕ್ಕೆ. ಅಂಚಿನಲ್ಲಿ ಎಲ್ಲೂ ಒಂದು ಎಳೆ ಹರಡಿರಲಿಲ್ಲ. ಉಳಿದ ಜಾಗವೆಲ್ಲ ಕನ್ನಡಿಯಂತೆ ಬರಿದಾಗಿತ್ತು.

ತಮ್ಮ ಬಗ್ಗಿದವನು ಏಳಲೇ ಇಲ್ಲ. ಅವನೂ ಅದೇ ಅಪ್ಪನ ಮಗ. ಗಡಿಯಾರದ ಒಳಗೆ ಎಣ್ಣೆ ಇಟ್ಟದ್ದು ಕಣ್ಣಿಗೆ ಕಾಣಬಾರದು, ಕಂಡರೆ ಜಾಸ್ತಿಯಾಯಿತು ಎನ್ನುತ್ತಿದ್ದರು ಅಪ್ಪ. ಚಿಕ್ಕಂದಿನಲ್ಲಿ ಇಬ್ಬರನ್ನೂ ಇದೇ ಬೆಂಚಿನಲ್ಲಿ ಕೂರಿಸಿ ಸೂಜಿಮೊನೆಯಲ್ಲಿ ಎಣ್ಣೆ ಇಡಿಸುತ್ತಿದ್ದರು. ಅಕ್ಕನ ಹನಿ ಇಟ್ಟಲ್ಲೇ ನಿಲ್ಲುತ್ತಿತ್ತು. ತಮ್ಮನ ಹನಿ ಪ್ರತಿ ಸಲವೂ ಹರಡಿಕೊಂಡು, ಗೆಣ್ಣಿಗೆ ಸ್ಕೇಲಿನ ಏಟು ಬೀಳುತ್ತಿತ್ತು. ಎರಡು ವರ್ಷ ಏಟು ತಿಂದು ಅವನು ಕೌಂಟರಿಗೆ ಹೋಗಿ ಕೂತವನು ಮತ್ತೆ ಈ ಕಡೆ ತಲೆ ಹಾಕಿರಲಿಲ್ಲ.

"ನಡುಗೋ ಕೈ ಇಟ್ಟ ಚುಕ್ಕೇನಾ ಇದು?" ಎಂದಳು ಅವಳು. ದನಿ ಏರಿತ್ತು. "ಹೇಳು. ನೀನು ಏಟು ತಿಂದವನು, ನಿನಗೆ ಗೊತ್ತಿರುತ್ತೆ."

ತಮ್ಮ ಭೂತಗನ್ನಡಿ ತೆಗೆದ. ಮುಖ ಹುಳ್ಳಗಾಗಿತ್ತು. "ನಾನಿಟ್ಟಿದ್ರೆ ಚಿಪ್ಪಿನ ತುಂಬ ಹರಡಿಬಿಡ್ತಿತ್ತು" ಎಂದ.

"ಹರಡಬೇಕಿತ್ತಂತೆ! ಅದೇ ನನ್ನ ತಪ್ಪು. ನಲವತ್ತು ವರ್ಷ ಒಂದು ಹನಿ ಜಾಸ್ತಿ ಹಾಕದ ಕೈ ಇಲ್ಲೂ ಹಾಕಲಿಲ್ಲ, ಅಷ್ಟೇ. ಕೈ ಕೆಟ್ಟು ಆದ ಎಡವಟ್ಟಲ್ಲ ಇದು, ಕೈ ಚೆನ್ನಾಗಿದ್ದು ಆದದ್ದು. ಈಗ ಪಕ್ಕಕ್ಕೆ ಸರಿ. ನಿನ್ನ ಕೈಯನ್ನ ನೆನೆಸಿಕೊಂಡು ಹಾಕ್ತೀನಿ."

ಚುಕ್ಕೆಯನ್ನು ಒರೆಸಲು ಅವಳಿಗೆ ಒಂದು ಕ್ಷಣ ಮನಸ್ಸಾಗಲಿಲ್ಲ. ಆಮೇಲೆ ಒರೆಸಿದಳು. ಕೊಳವೆ ಹಿಂಡಿ ಬಟಾಣಿಯಷ್ಟು ಹಾಕಿದಳು, ಹಲ್ಲು ಕಚ್ಚಿಕೊಂಡು ಇನ್ನೂ ಸ್ವಲ್ಪ ಹಾಕಿದಳು. ಅಪ್ಪ ಇದ್ದಿದ್ದರೆ ಸ್ಕೇಲು ಹುಡುಕುತ್ತಿದ್ದರು. ಕೂಲರು ಕೂರಿಸಿ, ತಿರುಪುಗಳನ್ನು ಅಂಗಡಿಯ ಷಟರು ಎಳೆಯುವ ಬಲದಲ್ಲಿ, ಇನ್ನು ತಿರುಗುವುದಿಲ್ಲ ಎನ್ನುವ ತನಕ ಬಿಗಿದಳು. ಅಷ್ಟು ಹೊತ್ತೂ ತಮ್ಮನ ಕಣ್ಣು ಅವಳ ಬಲಗೈ ಮೇಲೆಯೇ ಇತ್ತು. ಕೈ ಒಂದು ಸಲವೂ ಅಲುಗಲಿಲ್ಲ.

ಸರಿಯಾಗಿ ನಾಲ್ಕು ಗಂಟೆಗೆ ರೇಸು ಶುರುವಾಯಿತು. ಎರಡನೇ ಸುತ್ತಿನ ಕೊನೆಯ ತಿರುವು ಬಂದಾಗ ಗಡಿಯಾರದಕ್ಕ ಬಿಸಿಯ ಲೆಕ್ಕದ ಕಡೆ ಕಣ್ಣು ಹಾಯಿಸಿದಳು. ಅಂಕಿ ಅರವತ್ತೈದರಲ್ಲಿತ್ತು. ಕಾರು ತಿರುವನ್ನು ಸವರಿಕೊಂಡು ಹೊರಟುಹೋಯಿತು.

"ಎಮ್ಮೆ ಎದ್ದುಹೋಯ್ತೇನೇ?" ಎಂದು ನಾದಿನಿ ಕಿರುಚಿದಳು.

"ಓಡಿಸೇ ಸುಮ್ನೆ!"

ಐದು ಸುತ್ತು, ಎಂಟು ಸುತ್ತು, ಹತ್ತು. ಯಂತ್ರ ಒಂದು ಸಲವೂ ತಡವರಿಸಲಿಲ್ಲ. ರೇಸು ಗೆದ್ದದ್ದು ನಾದಿನಿ, ಅರ್ಧ ಕಾರಿನಷ್ಟು ಅಂತರದಲ್ಲಿ. ಸೋತವಳು ಹೆಡ್‌ಫೋನು ಕಿತ್ತು, ಎರಡೂ ತೋಳು ಮೇಲೆತ್ತಿ, ಗೆದ್ದವರಿಗಿಂತ ಜೋರಾಗಿ ಕೂಗಿದಳು.

ತಮ್ಮ ಏನೋ ಹೇಳಲು ಬಾಯಿ ತೆರೆದ. ಅವಳು ಬಿಡಲಿಲ್ಲ.

"ನನ್ನ ಕೈ ನಡುಗುತ್ತೆ. ಸುಮ್ಮನೆ ಕೂತಾಗ ನಡುಗುತ್ತೆ, ಕೆಲಸ ಹಿಡಿದಾಗ ನಿಲ್ಲುತ್ತೆ. ಕೆಲಸದಲ್ಲೂ ನಡುಗೋಕೆ ಶುರುವಾದ ದಿನ ನಾನೇ ಹೇಳ್ತೀನಿ, ನನಗೂ ಅಪ್ಪನ ಹೆಸರು ಬೇಕು. ಅಲ್ಲೀ ತನಕ ನೀನು ಅದರ ಮಾತು ಎತ್ತಬೇಡ."

"ಆಯ್ತಕ್ಕ" ಎಂದ.

"ಟೇಪು ತಂದಿದ್ದೀಯಲ್ಲ, ಕೊಡು."

ಅವನು ಕೊಟ್ಟ. ಅವಳು ಟೇಪನ್ನು ಬೆಂಚಿನ ಅಂಚಿನಿಂದ ಕೌಂಟರಿನ ಕಡೆಗೆ ಎಳೆದಳು. "ನಿನ್ನ ಕೌಂಟರಲ್ಲಿ ಎರಡು ಅಡಿ ನನಗೆ ಬೇಕು. ನಾಳೆಯಿಂದ ಕಂಪ್ಯೂಟರೂ ರಿಪೇರಿ ಮಾಡ್ತೀನಿ. ಮುಚ್ಚಳ ತೆಗೆಯದೆ 'ಅದು ಹಾಗೇ ಇರುತ್ತೆ' ಅನ್ನೋರು ಸಾಕಾಗಿದೆ ಈ ಬೀದೀಲಿ."

"ಎರಡು ಅಡೀನಾ?" ಎಂದ ತಮ್ಮ.

"ಸುಮ್ಮನೆ ಆ ತುದಿ ಹಿಡ್ಕೋ."

ಅವನು ಬಗ್ಗಿ ತುದಿ ಹಿಡಿದುಕೊಂಡ. ಗಡಿಯಾರದಕ್ಕ ಎಡಗೈಯಲ್ಲಿ ಪೆನ್ಸಿಲ್ಲು ತೆಗೆದು ಎರಡಡಿಗೆ ಗುರುತು ಹಾಕಿದಳು. ಅವಳ ಬಲಗೈ ಬೆಂಚಿನ ಮೇಲೆ ಸುಮ್ಮನೆ ಬಿದ್ದಿತ್ತು, ಸಣ್ಣಗೆ ನಡುಗುತ್ತಿತ್ತು. ತಮ್ಮ ಅದನ್ನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು. ಕೈಯನ್ನು ಮಾತ್ರ ಜೇಬಿಗೆ ಹಾಕಿಕೊಳ್ಳಲಿಲ್ಲ.