ಅಕ್ಕನ ವಾಚನ್ನು ನಾನು ಕಟ್ಟಿಕೊಂಡ ವಾರ

ನನಗೆ ಸ್ವಂತ ವಾಚು ಇಲ್ಲ. ಊರವರ ವಾಚೆಲ್ಲ ವಾರಕ್ಕೊಂದರಂತೆ ನನ್ನದೇ. ರಿಪೇರಿಗೆ ಬಂದ ಆಟೋಮ್ಯಾಟಿಕ್ ವಾಚನ್ನು ಬಿಚ್ಚಿ, ತೊಳೆದು, ಎಣ್ಣೆ ಬಿಟ್ಟು, ಮತ್ತೆ ಜೋಡಿಸಿದ ಮೇಲೆ ಏಳು ದಿನ ನಾನೇ ಕಟ್ಟಿಕೊಂಡು ಓಡಾಡುತ್ತೇನೆ. ಕೈ ಅಲ್ಲಾಡಿದರೆ ತಾನೇ ಕೀ ಕೊಟ್ಟುಕೊಳ್ಳುವ ಜಾತಿ ಅದು. ಮೇಜಿನ ಮೇಲೆ ಸಾಧುವಿನ ಹಾಗೆ ಕೂತಿದ್ದು, ಮನುಷ್ಯರ ಕೈಗೆ ಬಂದ ಕೂಡಲೇ ತನ್ನ ಬುದ್ಧಿ ತೋರಿಸುತ್ತದೆ. ಹಾಗಾಗಿ ಕಟ್ಟಿಕೊಂಡೇ ನೋಡಬೇಕು. ಆ ದಿನ ಏನೇನು ಮಾಡಿದೆ, ವಾಚು ಎಷ್ಟು ಸೆಕೆಂಡು ಮುಂದೆ ಹೋಯಿತು, ಎಷ್ಟು ಹಿಂದೆ ಬಿತ್ತು ಎಂದು ಒಂದು ಚೀಟಿಯಲ್ಲಿ ಬರೆಯುತ್ತೇನೆ. ಎಂಟನೆಯ ದಿನ ವಾಚೂ ಚೀಟಿಯೂ ಗಿರಾಕಿಯ ಕೈ ಸೇರುತ್ತವೆ.

ಇದರಿಂದ ನನಗೊಂದು ವಿಚಿತ್ರ ರೋಗ ಅಂಟಿಕೊಂಡಿದೆ. ಆಪರೇಷನ್ ಮಾಡುವ ಡಾಕ್ಟರರ ವಾಚು ಕಟ್ಟಿದ ವಾರ ಕೈಯನ್ನು ಎರಡೆರಡು ಸಲ ತೊಳೆಯುತ್ತೇನೆ. ವಕೀಲರ ವಾಚು ಕಟ್ಟಿದರೆ ತರಕಾರಿಯವಳ ಹತ್ತಿರ ವಾದಕ್ಕೆ ನಿಲ್ಲುತ್ತೇನೆ. ಸಂಜೆ ಮನೆಗೆ ಹೋದಾಗ ಯಜಮಾನರು ಮೊದಲು ನನ್ನ ಮಣಿಕಟ್ಟು ನೋಡಿ, "ಇವತ್ತು ನಾನು ಯಾರ ಜೊತೆ ಸಂಸಾರ ಮಾಡ್ಬೇಕು?" ಎಂದು ಕೇಳುತ್ತಾರೆ. ಅವರು ಡ್ರೈವಿಂಗ್ ಕಲಿಸುವವರು. ದಿನವಿಡೀ ಪಕ್ಕದಲ್ಲಿ ಕೂತವರು ಎಲ್ಲಿ ಗುದ್ದುತ್ತಾರೋ ಎಂದು ಕಾಯ್ದುಕೊಂಡೇ ಇರುವ ಅವರಿಗೆ ನನ್ನದೊಂದು ಲೆಕ್ಕವಲ್ಲ.

ಅಂಗಡಿ ಇರುವುದು ಒಂದು ದೊಡ್ಡ ಕಟ್ಟಡದ ಮೆಟ್ಟಿಲ ಕೆಳಗೆ. ಕೈ ಚಾಚಿದರೆ ಎರಡೂ ಗೋಡೆ ಸಿಗುತ್ತವೆ. ತಲೆಯ ಮೇಲೆ ಜನ ಹತ್ತುತ್ತಾರೆ, ಇಳಿಯುತ್ತಾರೆ. ಕೆಳಗೆ ಕೂತ ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಇಪ್ಪತ್ತೆಂಟು ವರ್ಷದಲ್ಲಿ ಕಲಿತದ್ದು ಒಂದೇ ವಿಷಯ. ದಿನಾ ಕಟ್ಟಿದ ವಾಚು ಗೀರು ಬಿದ್ದು, ಬೆವರು ಹಿಡಿದು ಬರುತ್ತದೆ, ಆದರೆ ಬದುಕಿರುತ್ತದೆ. ಜೋಪಾನ ಮಾಡಿದ ವಾಚು ಫಳಫಳ ಹೊಳೆಯುತ್ತಾ ಬರುತ್ತದೆ, ಒಳಗೆ ಎಣ್ಣೆಯೆಲ್ಲ ಗೋಂದಾಗಿ ಸತ್ತಿರುತ್ತದೆ. ನಮ್ಮ ಬೀದಿಯ ಬೇಕರಿಯವರು ಚಿನ್ನದ ವಾಚು ಕಟ್ಟಿಕೊಂಡೇ ಹಿಟ್ಟು ನಾದುತ್ತಾರೆ. ವರ್ಷಕ್ಕೊಮ್ಮೆ ಅದರೊಳಗಿನ ಹಿಟ್ಟು ತೆಗೆಯುವಾಗ ಬೈಯುತ್ತೇನೆ. "ದಿನಾ ನಾನು ಏಳ್ತೀನಲ್ಲಮ್ಮ, ಅದೂ ಏಳ್ಲಿ ಬಿಡಿ" ಎನ್ನುತ್ತಾರೆ.

ಈ ಬುದ್ಧಿವಾದವನ್ನು ಊರಿಗೆಲ್ಲ ಹೇಳಿದೆ. ನನ್ನ ಸ್ವಂತ ಅಕ್ಕನ ಕಿವಿಗೆ ಮಾತ್ರ ಅದು ಹೋಗಲಿಲ್ಲ.

ಅಕ್ಕ ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಶರ್ಟು ಹೊಲಿಯುವ ಫ್ಯಾಕ್ಟರಿಯಲ್ಲಿ ಅವಳದು ಕಾಜಾ ಹೊಲಿಯುವ ಕೆಲಸ. ಗುಂಡಿ ತೂರುವ ತೂತಿನ ಅಂಚಿಗೆ ದಾರ ಹೊಲಿದು ಗಟ್ಟಿ ಮಾಡುವುದು, ಬೆಳಿಗ್ಗೆಯಿಂದ ಸಂಜೆವರೆಗೆ ಅದೇ. ಹೊಟ್ಟೆ ಬಟ್ಟೆ ಕಟ್ಟಿ ನನ್ನನ್ನು ವಾಚಿನ ಕೆಲಸ ಕಲಿಯಲು ಹಾಕಿದಳು, ಮದುವೆ ಮಾಡಿಸಿದಳು, ತಾನು ಒಂಟಿಯಾಗಿಯೇ ಉಳಿದಳು. ತನಗೆಂದು ಅವಳು ಕೊಂಡ ಒಂದೇ ದುಬಾರಿ ವಸ್ತು ಒಂದು ಪುಟ್ಟ ಆಟೋಮ್ಯಾಟಿಕ್ ವಾಚು. ಬಿಳಿ ಮುಖ, ನೀಲಿ ಮುಳ್ಳು, ಕಂದು ಚರ್ಮದ ಬೆಲ್ಟು.

"ಇಷ್ಟು ದುಬಾರಿದು ಯಾಕಕ್ಕ?" ಎಂದು ಆಗ ಕೇಳಿದ್ದೆ.

"ಬೆಲ್ ಹೊಡೆದ್ರೆ ಕೂರೋದು, ಬೆಲ್ ಹೊಡೆದ್ರೆ ಏಳೋದು. ನನ್ನ ಟೈಮು ನಾನೇ ನೋಡ್ಕೋಬೇಕು ಅನ್ನಿಸ್ತು ಕಣೆ."

ಹಾಗೆಂದವಳು ಒಂದು ದಿನವಾದರೂ ಕಟ್ಟಿದಳೇ? ಇಲ್ಲ. ಫ್ಯಾಕ್ಟರಿಯಲ್ಲಿ ದಾರದ ಧೂಳು, ಬಸ್ಸಿನಲ್ಲಿ ನೂಕುನುಗ್ಗಲು, ಮನೆಯಲ್ಲಿ ನೀರು. "ಒಳ್ಳೆ ದಿನ ಬರ್ಲಿ" ಎಂದು ಉಣ್ಣೆಯ ಕಾಲುಚೀಲದೊಳಗೆ ತುರುಕಿ ಬೀರುವಿನಲ್ಲಿಟ್ಟಳು. ಅವಳ ಮನೆಯಲ್ಲಿ ಸೋಫಾದ ಪ್ಲಾಸ್ಟಿಕ್ಕನ್ನೂ ತೆಗೆದಿರಲಿಲ್ಲ. ಕೂತರೆ ಸರಬರ ಸದ್ದು ಮಾಡುತ್ತಿತ್ತು. "ಅಕ್ಕ, ಇದರ ಮೇಲೆ ಕೂತ್ರೆ ನನ್ನನ್ನೂ ಪ್ಯಾಕ್ ಮಾಡಿಟ್ಟ ಹಾಗಾಗುತ್ತೆ" ಎಂದು ರೇಗಿಸುತ್ತಿದ್ದೆ. ಇಪ್ಪತ್ತೊಂದು ವರ್ಷ ಹೀಗೇ ಕಳೆಯಿತು.

ಹೋದ ವರ್ಷ ಅವಳು ಸೂಜಿಗೆ ದಾರ ಪೋಣಿಸಲಾಗದೆ ಒದ್ದಾಡುವುದನ್ನು ನೋಡಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿನ ಹಿಂದಿನ ಪರದೆ ಸವೆಯುತ್ತಿದೆ, ಆಪರೇಷನ್ನಿಗೆ ಬಗ್ಗುವುದಲ್ಲ ಎಂದರು. ಮೊದಲು ಸಣ್ಣ ಸಣ್ಣ ವಸ್ತುಗಳು ಹೋಗುತ್ತವೆ, ಆಮೇಲೆ ದೊಡ್ಡವು. ಒಂದು ವರ್ಷ, ಹೆಚ್ಚೆಂದರೆ ಒಂದೂವರೆ. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ಅಕ್ಕ ಒಂದೇ ಪ್ರಶ್ನೆ ಕೇಳಿದಳು.

"ವಾಚಿನ ಮುಳ್ಳು ಸಣ್ಣದ್ರಲ್ಲಿ ಸೇರುತ್ತಾ, ದೊಡ್ಡದ್ರಲ್ಲಿ ಸೇರುತ್ತಾ?"

ನನಗೆ ಅಳು ಬಂತು. ಅಳು ಬಂದರೆ ನನಗೆ ಸಿಟ್ಟು ಬರುತ್ತದೆ, ಅದು ಹುಟ್ಟುಗುಣ. "ಎಲ್ಲಕ್ಕಿಂತ ಸಣ್ಣದು. ಮನೆಗೆ ಹೋಗಿ ಈಗ್ಲೇ ಕಟ್ಕೋ" ಎಂದು ರೇಗಿದೆ.

"ರಿಟೈರ್ ಆದ ಮಾರನೇ ದಿನ ಕಟ್ಕೋತೀನಿ. ಬೆಲ್ ಇಲ್ಲದ ಮೊದಲನೇ ದಿನ. ಆ ದಿನಾನೇ ಅಂತ ಎತ್ತಿಟ್ಟಿದೀನಿ ಪುಟ್ಟಿ. ಇನ್ನು ಆರು ತಿಂಗಳು ತಾನೇ."

ಆರು ತಿಂಗಳ ಮೇಲೆ ಆ ದಿನ ಬಂತು. ಬೆಳಿಗ್ಗೆ ಒಂಬತ್ತಕ್ಕೇ ಅಕ್ಕ ಅಂಗಡಿಯ ಮುಂದೆ ನಿಂತಿದ್ದಳು. ಕೈಯಲ್ಲಿ ಕಾಲುಚೀಲ. "ನಡೀತಾ ಇಲ್ಲ. ಅಲ್ಲಾಡಿಸಿದೆ, ತಟ್ಟಿದೆ, ಏನು ಮಾಡಿದ್ರೂ ಇಲ್ಲ" ಎಂದಳು. ಮುಖ ಬಾಡಿತ್ತು. "ಮೊದಲನೇ ದಿನ ಅಂದ್ರೆ ವಾಚು ಕಟ್ಟಿದ ದಿನಾನೇ ಅಂತ ಇಟ್ಕೋತೀನಿ. ನೀನು ಬೇಗ ಸರಿ ಮಾಡು."

ಬಿಚ್ಚಿ ನೋಡಿದೆ. ಒಂದು ಚಕ್ರವೂ ಸವೆದಿರಲಿಲ್ಲ, ಎಲ್ಲವೂ ಹೊಚ್ಚ ಹೊಸದು, ಎಲ್ಲವೂ ಅಂಟಿಕೊಂಡಿದ್ದವು. ಮೂರು ದಿನ ಕೂತು ತೊಳೆದೆ. ನಾಲ್ಕನೆಯ ದಿನ ಅದು ಉಸಿರಾಡಿತು. ನಾನು ಚೀಟಿ ತೆಗೆದೆ, ವಾಚನ್ನು ನನ್ನ ಕೈಗೆ ಕಟ್ಟಿಕೊಂಡೆ. ಯೋಚನೆ ಮಾಡಿ ಕಟ್ಟಿದ್ದಲ್ಲ. ಇಪ್ಪತ್ತೆಂಟು ವರ್ಷದ ಅಭ್ಯಾಸ, ಕೈ ತಾನೇ ಮಾಡಿತು.

ಆ ವಾರವನ್ನು ಈಗ ನೆನೆದರೆ ನೀರಿನೊಳಗಿಂದ ನೋಡಿದ ಹಾಗಿರುತ್ತದೆ. ಬೇರೆ ವಾಚುಗಳಿಗೆ ಅವರವರ ಅವಸರ ಇರುತ್ತಿತ್ತು. ಇದಕ್ಕೆ ಯಾರ ಅವಸರವೂ ಇರಲಿಲ್ಲ. ಸೋಮವಾರ ಬಸ್ಸು ಕಣ್ಣೆದುರೇ ಹೊರಟುಹೋಯಿತು, ನಾನು ಓಡಲಿಲ್ಲ. ನಡೆದುಕೊಂಡು ಬಂದೆ. ಬಾಲ್ಕನಿಗಳಲ್ಲಿ ಒಣಹಾಕಿದ್ದ ಹಾಸಿಗೆ ಬಟ್ಟೆಗಳು ಒಟ್ಟಿಗೇ ಉಬ್ಬಿ ಒಟ್ಟಿಗೇ ಇಳಿಯುತ್ತಿದ್ದವು, ಇಡೀ ಬೀದಿ ಮಲಗಿ ಉಸಿರಾಡುತ್ತಿದೆ ಅನಿಸಿತು. ದಿನಾ ದಾಟುವ ಸೇತುವೆಗೆ ಹದಿನಾಲ್ಕು ದೀಪದ ಕಂಬ ಇವೆ ಎಂದು ಆ ವಾರವೇ ಗೊತ್ತಾಗಿದ್ದು. ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿ ಕೂತಲ್ಲೇ ನಿದ್ದೆ ಹೋದೆ. ಕನಸಿನಲ್ಲಿ ಒಂದು ಉದ್ದದ ಬಿಳಿ ಗೋಡೆ. ಅದರ ತುಂಬ ಅಕ್ಕ ಹೊಲಿದ ಕಾಜಾಗಳು, ಒಂದೊಂದೂ ಒಂದು ಕಿಟಕಿ. ಪ್ರತಿ ಕಿಟಕಿಯಲ್ಲೂ ಅಕ್ಕ ಕೂತು ಹೊರಗೆ ನೋಡುತ್ತಿದ್ದಳು. ಎಚ್ಚರವಾದಾಗ ಮಣಿಕಟ್ಟಿನಲ್ಲಿ ನೀಲಿ ಮುಳ್ಳು ಮೆಲ್ಲಗೆ ಹೋಗುತ್ತಿತ್ತು. ನನಗೆ ತುಂಬಾ ಸುಖ ಅನಿಸಿತು.

ಎಂಟನೆಯ ದಿನ ಉಬ್ಬುಬ್ಬಿಕೊಂಡು ಅಕ್ಕನ ಮನೆಗೆ ಹೋದೆ. ಸರಾಸರಿ ದಿನಕ್ಕೆ ಮೂರೇ ಸೆಕೆಂಡು ವ್ಯತ್ಯಾಸ, ಸಾಮಾನ್ಯವೇ! ಅಕ್ಕ ವಾಚನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು, ನಕ್ಕಳು. ಆಮೇಲೆ ಬೆಲ್ಟನ್ನು ಬೆರಳಲ್ಲಿ ಸವರಿದಳು. ಮೂರನೆಯ ತೂತಿನ ಹತ್ತಿರ ಬೆರಳು ನಿಂತಿತು.

"ಈ ತೂತು ಸಡಿಲ ಆಗಿದೆ. ಇಲ್ಲಿ ಚರ್ಮ ಮಡಚಿದೆ. ಯಾರು ಕಟ್ಕೊಂಡಿದ್ರು?"

ಜೀವಮಾನವಿಡೀ ತೂತಿನ ಅಂಚು ಸವರಿದವಳು ಅವಳು. ಕಣ್ಣು ಹೋದರೂ ಆ ಬೆರಳನ್ನು ಏಮಾರಿಸಲಾಗದು.

"ನಾನೇ ಅಕ್ಕ. ಏಳು ದಿನ ಕಟ್ಕೊಂಡೇ ನೋಡ್ಬೇಕಲ್ಲ, ನಿಂಗೆ ಗೊತ್ತಲ್ಲ."

"ಗೊತ್ತು. ಊರವರ ವಾಚಿಗೆ ಅದು. ಅವರೆಲ್ಲ ಕಟ್ಟಿ ಕಟ್ಟಿ ತಂದ್ಕೊಡೋದು." ಬೆರಳು ಇನ್ನೂ ಆ ತೂತಿನ ಮೇಲೇ ಇತ್ತು. "ಇದನ್ನ ಯಾರೂ ಕಟ್ಟಿರಲಿಲ್ಲ ಪುಟ್ಟಿ. ಇದರ ಮೊದಲನೇ ದಿನ ನನ್ನದಾಗಿತ್ತು."

ಆಗಲೇ ತಪ್ಪಾಯಿತು ಎಂದು ಕಾಲು ಹಿಡಿದಿದ್ದರೆ ಮುಗಿಯುತ್ತಿತ್ತು. ನಾನು ಬಾಯಿ ಬಿಟ್ಟೆ. "ಇಪ್ಪತ್ತೊಂದು ವರ್ಷ ಮೊದಲನೇ ದಿನ ಇತ್ತಲ್ಲ, ಆಗ ಏನು ಮಾಡ್ತಿದ್ದೆ? ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅನ್ನೋದು ನಿನ್ನ ನೋಡೇ ಹೇಳಿರ್ಬೇಕು."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅಕ್ಕನ ಕಣ್ಣಿನ ಬಗ್ಗೆಯೇ ಆಡಿದ ಹಾಗಾಯಿತು. ಅವಳು ವಾಚನ್ನು ನನ್ನ ಕೈಗಿಟ್ಟು, "ನೀನೇ ಇಟ್ಕೋ. ನಿನ್ನ ಕೈಗೆ ಅಭ್ಯಾಸ ಆಗಿದೆ" ಎಂದಳು. ದನಿಯಲ್ಲಿ ಕೋಪವೂ ಇರಲಿಲ್ಲ. ಕೋಪ ಇದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಹತ್ತು ದಿನ ಮಾತಿಲ್ಲ. ವಾಚು ಅಂಗಡಿಯ ಮೇಜಿನ ಮೇಲೆ ನಿಂತುಹೋಗಿತ್ತು. ಕಟ್ಟಿಕೊಳ್ಳಲು ನನಗೆ ಕೈ ಬರಲಿಲ್ಲ. ಅಕ್ಕನಿಗೆ ಕಾಣುವ ದಿನಗಳು ಮಾತ್ರ ಒಂದೊಂದಾಗಿ ಹೋಗುತ್ತಿದ್ದವು. ಆ ಯೋಚನೆಗೆ ಊಟ ಸೇರುತ್ತಿರಲಿಲ್ಲ. "ಜಂಭ ಬಿಟ್ಟು ಹೋಗಿ ಬಾ" ಎಂದು ಯಜಮಾನರು ದಿನಾ ಹೇಳುತ್ತಿದ್ದರು. ನಾನು ಹೋಗುವ ಮೊದಲೇ ಅಕ್ಕ ಬಂದಳು. ಮೆಟ್ಟಿಲ ಕಂಬಿ ಹಿಡಿದು ತಡವರಿಸಿಕೊಂಡು ಬಂದು ಗಿರಾಕಿಯ ಸ್ಟೂಲಿನ ಮೇಲೆ ಕೂತಳು.

"ಚೀಟಿ ಓದು. ಆ ಏಳು ದಿನ ನನ್ನ ವಾಚು ಏನೇನು ಮಾಡ್ತು ಅಂತ ಕೇಳ್ತೀನಿ."

ಚೀಟಿ ತೆಗೆದು ಓದಿದೆ. ಸೋಮವಾರ, ಬಸ್ಸು ತಪ್ಪಿ ನಡೆದದ್ದು, ಎರಡು ಸೆಕೆಂಡು ಮುಂದೆ. ಮಂಗಳವಾರ, ಬಟ್ಟೆ ಮಡಚಿದ್ದು, ನಾಲ್ಕು ಸೆಕೆಂಡು. ಬುಧವಾರ, ಬಚ್ಚಲಿನ ನಲ್ಲಿಯ ವಿಷಯಕ್ಕೆ ಯಜಮಾನರ ಜೊತೆ ಜಗಳ, ಆರು ಸೆಕೆಂಡು.

"ಜಗಳದಲ್ಲಿ ಕೈ ಜಾಸ್ತಿ ಆಡಿಸ್ತೀಯಲ್ಲ" ಎಂದಳು ಅಕ್ಕ. "ಗುರುವಾರ?"

"ಗುರುವಾರ ಏನೂ ಬರೆದಿಲ್ಲ. ಮಧ್ಯಾಹ್ನ ನಿದ್ದೆ ಮಾಡ್ಬಿಟ್ಟೆ."

"ಅಷ್ಟು ದುಬಾರಿ ವಾಚು ಕಟ್ಕೊಂಡು ನಿದ್ದೆ ಮಾಡಿದ್ಯಾ?" ಅವಳ ತುಟಿಯ ತುದಿಯಲ್ಲಿ ನಗು ಕಂಡಿತು. ನನಗೆ ಧೈರ್ಯ ಬಂದು ಕನಸನ್ನೂ ಹೇಳಿದೆ, ಗೋಡೆಯನ್ನೂ ಕಿಟಕಿಗಳನ್ನೂ.

"ಅದರಲ್ಲಿ ನಾನು ಏನು ಮಾಡ್ತಿದ್ದೆ?"

"ಏನೂ ಇಲ್ಲ. ಸುಮ್ನೆ ಕೂತು ಹೊರಗೆ ನೋಡ್ತಿದ್ದೆ."

ಮೇಲೆ ಯಾರೋ ಇಳಿದು ಹೋದರು.

"ನಾನೂ ಅಷ್ಟೇ ಅಂದ್ಕೊಂಡಿದ್ದು ಕಣೆ. ಮೊದಲನೇ ದಿನ ವಾಚು ಕಟ್ಕೊಂಡು ಕಿಟಕಿ ಹತ್ರ ಸುಮ್ನೆ ಕೂರೋದು. ಅದಕ್ಕೆ ಇಪ್ಪತ್ತೊಂದು ವರ್ಷ ಬೇಕಾಗಿತ್ತಾ? ಯಾವ ಗುರುವಾರ ಬೇಕಾದ್ರೂ ಆಗ್ತಿತ್ತು." ಎಡಗೈ ಮುಂದೆ ಚಾಚಿದಳು. "ಕಟ್ಟು."

ನಿಂತಿದ್ದ ವಾಚನ್ನು ಅಲ್ಲಾಡಿಸಿ ಎಬ್ಬಿಸಿ, ಗಂಟೆ ಸರಿಮಾಡಿದೆ. ಅವಳ ಕೈ ಸಣ್ಣದು, ಐದನೆಯ ತೂತಿಗೆ ಕಟ್ಟಿದೆ. ತಪ್ಪಾಯಿತು ಎಂದೆ. "ಆಯ್ತು ಬಿಡು, ಗಂಟೆ ಎಷ್ಟು ನೋಡೋಣ" ಎಂದು ವಾಚನ್ನು ಬಲಗಣ್ಣಿನ ಹತ್ತಿರಕ್ಕೆ ತಂದಳು. "ಹನ್ನೊಂದು ಇಪ್ಪತ್ತು" ಎಂದಳು. ಹನ್ನೊಂದು ಇಪ್ಪತ್ತೇ ಆಗಿತ್ತು.

ಅವತ್ತಿನಿಂದ ಅಕ್ಕ ಅದನ್ನು ಬಿಚ್ಚಲಿಲ್ಲ. ತರಕಾರಿ ತೊಳೆಯುವಾಗ, ನೆಲ ಒರೆಸುವಾಗ, ಪೇಟೆಯಲ್ಲಿ. ಗಾಜಿಗೆ ಮೊದಲ ಗೀರು ಬಿದ್ದಾಗ ಅಂಗಡಿಗೆ ಬಂದು ತೋರಿಸಿ ಹೋದಳು. ಸೋಫಾದ ಪ್ಲಾಸ್ಟಿಕ್ ಕಿತ್ತು ಬಿಸಾಡಿದಳು. ದಿನಕ್ಕೆ ನಾಲ್ಕೈದು ಸಲ ಫೋನು ಮಾಡುತ್ತಿದ್ದಳು, ಸುದ್ದಿ ಏನೂ ಇಲ್ಲ. "ಪುಟ್ಟಿ, ನಾಲ್ಕು ಗಂಟೆ ಏಳು ನಿಮಿಷ. ಪಾರಿವಾಳ ಬಂದು ಕೂತಿದೆ." "ಪುಟ್ಟಿ, ಹತ್ತು ಮೂವತ್ತೆರಡು. ಎದುರು ಮನೆಯವರು ಹಾಸಿಗೆ ಒದರ್ತಿದಾರೆ." ಗಿರಾಕಿಗಳ ಮುಂದೆ ಗೊಣಗುತ್ತಿದ್ದೆ, ಒಂದು ಗಂಟೆ ಫೋನು ಬರದಿದ್ದರೆ ಬಾಗಿಲ ಕಡೆ ನೋಡುತ್ತಿದ್ದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಏನೋ ಬದಲಾಯಿತು. ವಾಚಿನವಳಾಗಿಯೂ ನಾನು ತಡವಾಗಿ ಗಮನಿಸಿದೆ. ಅಕ್ಕನ ಫೋನು ಹತ್ತಕ್ಕೆ ಸರಿಯಾಗಿ ಬರುತ್ತಿತ್ತು, ಇಲ್ಲವೇ ಹನ್ನೆರಡಕ್ಕೆ, ಇಲ್ಲವೇ ನಾಲ್ಕಕ್ಕೆ. ನಡುವಿನ ನಿಮಿಷಗಳೇ ಇರಲಿಲ್ಲ.

"ಅಕ್ಕ, ನಿಜ ಹೇಳು. ಈಗ ವಾಚಲ್ಲಿ ಎಷ್ಟಾಗಿದೆ?"

ಆ ಕಡೆಯಿಂದ ಯಾರದೋ ರೇಡಿಯೋ ಕೇಳಿಸಿತು.

"ಕಾಣ್ತಾ ಇಲ್ಲ ಪುಟ್ಟಿ. ಎರಡು ವಾರ ಆಯ್ತು. ಪಕ್ಕದ ಮನೆ ರೇಡಿಯೋದಲ್ಲಿ ವಾರ್ತೆ ಶುರುವಾದಾಗ ನಿಂಗೆ ಫೋನ್ ಮಾಡ್ತಿದ್ದೆ."

ಅಂಗಡಿ ಮುಚ್ಚಿ ಓಡಿದೆ. ಅಕ್ಕ ಕಿಟಕಿಯ ಹತ್ತಿರ ಕೂತಿದ್ದಳು. ಬೆಳಕು ಇರುವ ಕಡೆಗೆ ಮುಖ ಮಾಡಿದ್ದಳು. ಮಣಿಕಟ್ಟಿನ ವಾಚಿನ ಗಾಜು ಗೀರುಗಳಿಂದ ಮಬ್ಬಾಗಿತ್ತು, ಒಳಗೆ ಮುಳ್ಳು ಸರಿಯಾಗಿ ನಡೆಯುತ್ತಿತ್ತು. ನಾನು ಅವಳ ಪಕ್ಕದಲ್ಲಿ ಕೂತು ಆ ಕೈಯನ್ನು ಹಿಡಿದುಕೊಂಡೆ. ಕೇಳಬಾರದು ಅಂದುಕೊಂಡೇ ಕೇಳಿದೆ.

"ನೋಡಿದ್ದು ಸಾಕಾಯ್ತಾ ಅಕ್ಕ?"

"ಎಲ್ಲಿ ಸಾಕಾಗುತ್ತೆ," ಎಂದಳು ಅಕ್ಕ. "ಆದ್ರೆ ನೋಡಿದೆನಲ್ಲ ಪುಟ್ಟಿ. ದಿನಾ ನೋಡಿದೆ."