ಬೋಣಿ ಕೆಡಿಸಿದವಳು
ಹುವೆ ಪಟ್ಟಣದ ಮಾರುಕಟ್ಟೆಯಲ್ಲಿ ಅಂಗಡಿಯಾಕೆ ತೊವಾ ಬೆಳಿಗ್ಗೆ ತಾಳೆಗರಿಯ ಟೋಪಿಗಳನ್ನು ಜೋಡಿಸುತ್ತಿದ್ದಂತೆಯೇ ಗೈಡ್ ಖಿಯೆಮ್ ಒಬ್ಬ ಪ್ರವಾಸಿ ಹೆಂಗಸನ್ನು ಕರೆತಂದ. ಆಕೆ ಇದ್ದಬದ್ದ ಟೋಪಿಗಳನ್ನೆಲ್ಲ ತಲೆಗಿಟ್ಟು ನೋಡಿ, ಅರ್ಧ ಬೆಲೆಗೆ ಕೇಳಿದಳು. ತೊವಾ ಹಲ್ಲು ಕಚ್ಚಿ ಒಪ್ಪಿದ ಮೇಲೂ ಬೇಡವೆಂದು ಹೊರಟಳು.

"ಅಂಗಡಿಯೋರು ಬೋಣಿ ಗಿರಾಕಿನ ಬರಿಗೈಲಿ ಕಳ್ಸಲ್ಲ, ಬೆಳಿಗ್ಗೆನೇ ಹೋಗಿ ಹಿಂಡಿ ಅಂತ ಇವ್ರಿಗೆ ಹೇಳ್ಕೊಟ್ಟೋನು ನೀನೇ ಅಲ್ವೇನೋ?" ತೊವಾ ಖಿಯೆಮ್‌ನನ್ನು ತರಾಟೆಗೆ ತೆಗೆದುಕೊಂಡಳು.

"ಎಲ್ಲಾ ಗೈಡ್‌ಗಳೂ ಹೇಳ್ತಾರೆ, ಅಕ್ಕಾ."

"ಅಕ್ಕ ಅನ್ಬೇಡ. ಇವತ್ತಿನ್ನು ನನ್ನ ಅಂಗಡಿಗೆ ನೊಣಾನೂ ಬರಲ್ಲ."

ತೊವಾ ಕಾಗದ ಹೊತ್ತಿಸಿ, ಅನಿಷ್ಟ ತೊಲಗಲೆಂದು ಟೋಪಿಗಳಿಗೆಲ್ಲ ನಿವಾಳಿಸಿ ಅವನ ಕಾಲ ಬುಡಕ್ಕೆ ಎಸೆದಳು. ಖಿಯೆಮ್ ಹೆಂಗಸನ್ನು ಕರೆದುಕೊಂಡು ಮುಂದಿನ ಅಂಗಡಿಯತ್ತ ತಿರುಗಿದ. ಬೋಣಿ ಕೆಡಿಸಿದವಳು ತಮ್ಮಲ್ಲಿಗೆ ಬರದಿರಲೆಂದು ಸಾಲಿನವರೆಲ್ಲ ಆಗಲೇ ಕಾಗದ ಹೊತ್ತಿಸಿ ನಿಂತಿದ್ದರು.

"ಇವತ್ತೇನು ಹಬ್ಬವೇ?" ಎನ್ನುತ್ತ ಹೆಂಗಸು ಫೋಟೊ ತೆಗೆದಳು.